ಓಣಿಯಲ್ಲಿ ನಿಂತ ಲಾರಿ

“ಸಾಕು ಮಾಡೋ ಚನ್ನೇಶಾ! ಹಂಗ ತಿರುವಿಕೋತ ಕುಂತ್ರ ಬ್ಯಾಟ್ರಿ ಪೂರಾ ಕುಂದರತೈತಿ.”

ಓಣಿಯ ಹಿರಿಯ ಮಂಜಪ್ಪ ಕೆಳಗೆ ನಿಂತು ಲಾರಿಯ ಬಾಗಿಲು ಬಡಿದ. ಮೇಲೆ ಸ್ಟೇರಿಂಗ್ ಹಿಡಿದು ಕೂತಿದ್ದ ಚನ್ನೇಶ ಕೇಳಿಸಿಕೊಳ್ಳದವನಂತೆ ಮತ್ತೊಮ್ಮೆ ಚಾವಿ ತಿರುವಿದ. ಲಾರಿ ಗರಗರ ಅಂದಿತು, ಎರಡು ಸಲ ಕೆಮ್ಮಿತು, ಸುಮ್ಮನಾಯಿತು. ಹನ್ನೊಂದನೆಯ ಸಲ.

ಲಾರಿಯ ಮೂತಿಯಿಂದ ಹತ್ತು ಹೆಜ್ಜೆ ಆಚೆ, ಮನೆಯ ಕಟ್ಟೆಯ ಮೇಲೆ ಚನ್ನೇಶನ ಅಕ್ಕ ವೀರವ್ವ ಕೂತಿದ್ದಳು. ಹಣೆ ತುಂಬ ವಿಭೂತಿ, ಮೈಮೇಲೆ ನೀಲಿ ಇಳಕಲ್ ಸೀರೆ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಅರವತ್ತೆಂಟು ವರ್ಷ. ಗೋಡೆಗೆ ಒರಗಿಸಿ ಕೂರಿಸಿದ್ದರಿಂದ, ಎಲ್ಲರ ಒದ್ದಾಟವನ್ನು ಸುಮ್ಮನೆ ನೋಡುತ್ತ ಕೂತವಳ ಹಾಗೆ ಕಾಣುತ್ತಿದ್ದಳು. ಪಕ್ಕದಲ್ಲಿ ಬಾಳೆಯ ಕಂಬ ಕಟ್ಟಿ, ಮಾವಿನೆಲೆ ಇಳಿಬಿಟ್ಟು ಮಂಜಪ್ಪ ಸಿಂಗರಿಸಿದ ವಿಮಾನ, ಹೆಣ ಕೂರಿಸಿ ಹೊರುವ ಚಟ್ಟ, ತಯಾರಾಗಿತ್ತು. ಹೊರುವವರು ಟವೆಲ್ಲನ್ನು ಸುರುಳಿ ಸುತ್ತಿ ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದರು. ಹೋಗಲಿಕ್ಕೆ ದಾರಿಯೇ ಇರಲಿಲ್ಲ.

ಹಿರೇಕೆರೂರಿನ ಅಂಚಿನ ಆ ಓಣಿ ಲಾರಿಗಿಂತ ಎರಡು ಗೇಣು ಹೆಚ್ಚು ಅಗಲ, ಅಷ್ಟೇ. ಮೇಲಿನ ತುದಿಯಲ್ಲಿ ಡಾಂಬರು ರಸ್ತೆ. ಅಲ್ಲಿಂದ ಇಳಿಜಾರಾಗಿ ಬಂದು ವೀರವ್ವನ ಮನೆ ಮತ್ತು ವೇದವ್ಯಾಸಾಚಾರ್ಯರ ಮನೆಯ ಮುಂದೆ ಅದು ಮುಗಿಯುತ್ತಿತ್ತು. ನಿನ್ನೆ ಸಂಜೆ ವೀರವ್ವ ಗೋವಿನಜೋಳದ ಚೀಲ ಹೇರಿಕೊಂಡು ಬರುವಾಗ ಓಣಿಯ ಬಾಯಲ್ಲೇ ಡೀಸೆಲ್ ತೀರಿತ್ತು. ಬಸ್ಸಿನವರಿಗೆ ಅಡ್ಡವಾಗಬಾರದೆಂದು ಬ್ರೇಕು ಬಿಟ್ಟು ಇಳಿಜಾರಿನಲ್ಲಿ ಗಾಡಿಯನ್ನು ಒಳಗೆ ಉರುಳಿಸಿಕೊಂಡಿದ್ದಳು. ಬೆಳಗ್ಗೆಯಿಂದ ಬಂದವರೆಲ್ಲ ಲಾರಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಿ ಬಂದಿದ್ದರು. ಎಲ್ಲರ ಬೆನ್ನಿಗೂ ಸುಣ್ಣ ಹತ್ತಿತ್ತು. ಅಳುವವರ ಬೆನ್ನನ್ನು ಸವರಿದವರ ಕೈಯೂ ಬೆಳ್ಳಗಾಗಿತ್ತು.

ಡೀಸೆಲ್ಲನ್ನು ವೀರವ್ವನ ಮಗಳು ತನುಜಾ ಆಗಲೇ ಕ್ಯಾನಿನಲ್ಲಿ ತಂದು ಹೊಯ್ದಿದ್ದಳು. ಆದರೂ ಗಾಡಿ ಏಳಲಿಲ್ಲ.

“ಏನಪಾ ಇದು,” ಅಂದ ಮಂಜಪ್ಪ, “ಮೂವತ್ತು ವರ್ಷ ಸರಕಾರಿ ಬಸ್ ಹೊಡದಾಂವ ನೀನು. ಒಂದು ಲಾರಿ ಚಾಲೂ ಮಾಡಾಕ ಬರವಲ್ದಂದ್ರ!”

“ಹೊಡ್ಯಾಕ ಬರ್ತೈತಿ. ರಿಪೇರಿ ಬರಂಗಿಲ್ಲ.” ಚನ್ನೇಶ ಕೆಳಗಿಳಿದು ಬೆವರು ಒರೆಸಿಕೊಂಡ. “ನಮಗ ಡಿಪೋದಾಗ ಮೆಕ್ಯಾನಿಕ್ ಇರ್ತಾರು. ಕೆಟ್ರ ಒಂದು ಚೀಟಿ ಬರದ ಕೊಟ್ಟು ಚಾ ಕುಡ್ಯಾಕ ಹೋಗ್ತೇವಿ.”

“ಹಂಗಾರ ಗ್ಯಾರೇಜಿನವ್ರನ್ನ ಕರಸ್ರಿ.”

“ಇವತ್ತು ರಂಜಾನ್ ಐತಿ ಕಾಕಾ,” ಎಂದಳು ತನುಜಾ. “ಊರಾಗ ಒಂದೂ ಗ್ಯಾರೇಜ್ ತಗದಿಲ್ಲ. ಮೆಕ್ಯಾನಿಕ್ ಮಜೀದ ಮಾಮಾನೂ ಸವಣೂರಿಗೆ ಹೋಗ್ಯಾರ.”

ತನುಜಾ ಗೊಟಗೋಡಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸುದ್ದಿ ತಿಳಿದಾಗಿನಿಂದ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ಈಗ ಮಾತ್ರ ಅಳು ನಿಂತಿತ್ತು. ಲಾರಿಯ ಚಿಂತೆಯಲ್ಲಿ ಅವಳಿಗೆ ಅಳಲು ಪುರಸೊತ್ತಿರಲಿಲ್ಲ.

ಮಂಜಪ್ಪ ಗಂಟಲು ಸರಿಮಾಡಿಕೊಂಡ. “ಒಂದು ಕೆಲಸ ಮಾಡೂಣು. ವಿಮಾನ ಇಲ್ಲೇ ಬಿಚ್ಚೂಣು. ವೀರವ್ವನ್ನ ಕೈಮ್ಯಾಲ ಎತ್ತಿಕೊಂಡು ಗ್ವಾಡಿ ಸಂದ್ಯಾಗ ಹಾಯಿಸಿ, ರಸ್ತಾದಾಗ ಮತ್ತ ವಿಮಾನ ಕಟ್ಟೂಣು. ಹೊತ್ತು ಮುಳುಗೂದ್ರೊಳಗ ಮಣ್ಣಾಗಬೇಕಲ್ಲ.”

“ಅಡ್ಡಡ್ಡ ಎತ್ತಿ ನುಸುಳಿಸೂದಾ?” ತನುಜಾ ಕಟ್ಟೆಯ ಕಡೆ ನೋಡಿದಳು. “ಬ್ಯಾಡ್ರಿ ಕಾಕಾ. ಗಾಡಿ ಕೆಟ್ಟಾಗ ಅವ್ವ ಎಂದಾದ್ರೂ ಬಿಟ್ಟು ಹೋಗ್ಯಾಳೇನು? ಇವತ್ತೂ ಹೋಗೂದು ಬ್ಯಾಡ.”

*

ಲಾರಿ ವೀರವ್ವನ ಗಂಡ ಮಹಾಲಿಂಗಪ್ಪನದು. ಮದುವೆಯಾದ ಮೇಲೆ ಒಂದು ಸಲವೂ ಅವನು ಹೆಂಡತಿಯನ್ನು ಅದರಲ್ಲಿ ಹತ್ತಿಸಿಕೊಂಡಿರಲಿಲ್ಲ. “ಹೆಂಗಸರು ಕ್ಯಾಬಿನ್‌ನಾಗ ಕುಂತ್ರ ಗಾಡಿ ದಾರ್ಯಾಗ ನಿಲ್ಲತೈತಿ” ಎನ್ನುತ್ತಿದ್ದ. ತವರಿಗೆ ಹೋಗುವಾಗ ಅವಳು ಬಸ್ಸಿಗೆ ಕಾಯುತ್ತ ನಿಂತಿದ್ದರೆ, ಅದೇ ಹಾನಗಲ್ಲಿನ ರಸ್ತೆಯಲ್ಲಿ ಅವನು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದ. ಕೆಟ್ಟವನಲ್ಲ. ಹಾಗೆ ನಂಬಿದ್ದ, ಅಷ್ಟೇ. ಅವನು ತೀರಿಕೊಂಡ ಮೇಲೆ ಲಾರಿ ಹಿತ್ತಿಲಿನ ಬೇವಿನ ಮರದ ಕೆಳಗೆ ನಾಲ್ಕು ವರ್ಷ ನಿಂತಿತು. ಟಯರು ನೆಲಕ್ಕೆ ಅಂಟಿದವು. ರೇಡಿಯೇಟರಿನಲ್ಲಿ ಕಣಜ ಗೂಡು ಕಟ್ಟಿತು. ಊರಿನ ಕೋಳಿಗಳು ಬಂದು ಸೀಟಿನ ಮೇಲೆ ಮೊಟ್ಟೆಯಿಡತೊಡಗಿದವು.

ಒಂದು ದಿನ ಮೊಟ್ಟೆ ತೆಗೆಯಲು ವೀರವ್ವ ಕ್ಯಾಬಿನ್ ಹತ್ತಿದಳು. ಕಾವಿಗೆ ಕೂತ ಹೇಂಟೆ ಎದ್ದು ರೆಕ್ಕೆ ಬಡಿದು ಕುಕ್ಕಲು ಬಂದಾಗ, ತಪ್ಪಿಸಿಕೊಳ್ಳಲು ಹೋಗಿ ಡ್ರೈವರ್ ಸೀಟಿನ ಮೇಲೆ ಕೂತುಬಿಟ್ಟಳು. ಅಲ್ಲಿಂದ ಮುಂದೆ ನೋಡಿದಳು. ತನ್ನ ಮನೆಯ ಹಂಚು ಕಂಡಿತು, ಆಚಾರ್ಯರ ಹಿತ್ತಿಲಿನ ತುಳಸಿ ಕಟ್ಟೆ ಕಂಡಿತು, ಓಣಿ ಪೂರ್ತಿ ಕಂಡಿತು, ಓಣಿಯ ಆಚೆ ಡಾಂಬರು ರಸ್ತೆ, ರಸ್ತೆಯ ಆಚೆ ಹತ್ತಿಯ ಹೊಲ. ಮೂವತ್ತೈದು ವರ್ಷ ತಾನು ಬಾಳಿದ ಓಣಿ ಇಷ್ಟು ಸಣ್ಣದೇ ಎಂದು ಅವಳಿಗೆ ನಗು ಬಂತು. ಆ ಮಧ್ಯಾಹ್ನ ಅವಳು ಊಟಕ್ಕೂ ಇಳಿಯಲಿಲ್ಲ.

ಮರುವಾರ ಗುಜರಿಯವನು ಬಂದಾಗ ಚಹಾ ಕೊಟ್ಟು ಕಳಿಸಿದಳು. ಮಜೀದ ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಬಾನೆಟ್ ಎತ್ತಿ, ಒಳಗೆ ನೋಡಿ, ಮೆಲ್ಲಗೆ ಮುಚ್ಚಿದ.

“ಅವ್ವಾರ, ಇದಕ್ಕ ಒಂದು ಮಾಲಿ ಹಾಕಿ ಕೈ ಮುಗದು ಬಿಡ್ರಿ.”

“ನೀ ಮಾಡಂಗಿಲ್ಲೇನು?”

“ನನಗ ಹೊಸಾ ಗಾಡಿ ಮಾಡಾಕ ಟೈಮಿಲ್ಲ. ಇದನ್ನ ಮಾಡಾಕ ಕೂಡೋದು ಹುಚ್ಚರ ಕೆಲಸ.”

“ಹಂಗಾರ ನನಗ ಟೈಮ್ ಐತಿ,” ಎಂದಳು ವೀರವ್ವ.

ಸೀಟಿನ ಕೆಳಗೆ ಕೋಳಿ ಕೆದರಿದ ಕಸದಲ್ಲಿ ಅವಳಿಗೊಂದು ದಪ್ಪ ಪುಸ್ತಕ ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ಪುಟಪುಟಕ್ಕೂ ಯಂತ್ರದ ಚಿತ್ರ. ಅದನ್ನು ಸೆರಗಿನಿಂದ ಒರೆಸಿ, ನಡುಗೋಡೆಯ ಮೇಲಿಂದ ಪಕ್ಕದ ಮನೆಯವರಿಗೆ ತೋರಿಸಿದಳು. ಪಕ್ಕದ ಮನೆಯ ವೇದವ್ಯಾಸಾಚಾರ್ಯರು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು.

“ಆಚಾರ್ರ, ಇದನ್ನ ನನಗ ಓದಿ ಹೇಳ್ತೀರೇನು?”

ಆಚಾರ್ಯರು ಕನ್ನಡಕ ಏರಿಸಿ ಪುಟ ತಿರುವಿದರು. ಅವರ ಮುಖ ಅರಳಿತು. “ಅಯ್ಯ, ಡೀಸೆಲ್ ಎಂಜಿನ್! ಇದನ್ನ ನಾ ಪ್ರತಿ ವರ್ಷ ಬೋರ್ಡಿನ ಮ್ಯಾಲೆ ಬರೀತಿದ್ದೆ. ಭಾಳ ಸರಳ ಅದ ವೀರವ್ವಾ. ನಾಲ್ಕು ಹೊಡೆತ. ಮೊದಲನೇದು ಹೀರಿಕೆ, ಆಮೇಲೆ ಸಂಪೀಡನ, ಆಮೇಲೆ ಶಕ್ತಿ, ಕಡೀಕೆ ವಿಸರ್ಜನ.”

“ಕನ್ನಡದಾಗ ಹೇಳ್ರಿ.”

“ಇದು ಕನ್ನಡನೇ ಅದ.” ಆಚಾರ್ಯರು ಒಂದು ಕ್ಷಣ ಯೋಚಿಸಿದರು. “ಉಸಿರು ಒಳಗ ತಗೋತದ. ಬಿಗಿ ಹಿಡೀತದ. ಜೋರ್ ನೂಕ್ತದ. ಆಮೇಲೆ ಉಸಿರು ಬಿಡ್ತದ.”

ವೀರವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. “ಇದು ಹೆರಿಗಿ ಅಲ್ರಿ ಆಚಾರ್ರ? ಇದನ್ನ ಕಲ್ಯಾಕ ನನಗ ಪುಸ್ತಕ ಬೇಕೇನು!”

*

ತನುಜಾಳ ಫೋನಿನಲ್ಲಿ ಮಜೀದನ ದನಿ ಒಡೆದೊಡೆದು ಬರುತ್ತಿತ್ತು. ಹಿಂದೆ ಬಸ್ಸಿನ ಗದ್ದಲ. ನಮಾಜು ಮುಗಿಸಿ ಮನೆಗೆ ಬಂದಾಗ ಸುದ್ದಿ ತಿಳಿದು, ಹಾಗೇ ಹಾವೇರಿಯ ಬಸ್ಸು ಹತ್ತಿದ್ದ.

“ಡೀಸೆಲ್ ಖಾಲಿ ಆಗಿ ನಿಂತಿತ್ತಂದಿ ಅಲ್ಲವಾ? ಅದಕ್ಕ ಏರ್ ಹಿಡದೈತಿ ತಂಗಿ. ಪೈಪಿನಾಗ ಗಾಳಿ ಹೊಕ್ಕೈತಿ. ಗಾಳಿ ಹೊರಗ ಹಾಕೂತನಕಾ ಅಂಥಾ ಹತ್ತು ಕ್ಯಾನ್ ಹೊಯ್ದ್ರೂ ಏಳಂಗಿಲ್ಲ.”

“ನೀವು ಬರಾಕ ಎಷ್ಟೊತ್ತಾಗತೈತಿ ಮಾಮಾ?”

“ಹಬ್ಬದ ರಶ್ ಐತಿ. ಹಾವೇರ್ಯಾಗ ಬಸ್ ಬದಲಿ ಮಾಡಬೇಕು. ಹೊತ್ತು ಮುಳುಗತೈತೇನೋ.” ಬಸ್ಸಿನ ಗದ್ದಲದ ಮೇಲೆ ಮಜೀದ ದನಿ ಏರಿಸಿದ. “ಆಚಾರ್ರನ ಕರೀರಿ. ಅವ್ರಿಗೆ ಗೊತ್ತೈತಿ. ಅಕ್ಕಾರು ಏರ್ ತಗ್ಯಾಕ ಕಲತಿದ್ದು ಅವ್ರ ಬಾಯಿಂದನ.”

ಎಲ್ಲರೂ ತಿರುಗಿ ನೋಡಿದರು. ಆಚಾರ್ಯರು ತಮ್ಮ ಮನೆಯ ಮುಂದಿನ ಕುರ್ಚಿಯಲ್ಲಿ ಬೆಳಗ್ಗೆಯಿಂದ ಒಂದೇ ಭಂಗಿಯಲ್ಲಿ ಕೂತಿದ್ದರು. ಬಿಳಿಯ ಧೋತರ, ಹೆಗಲ ಮೇಲೆ ಶಲ್ಯ, ತೊಡೆಯ ಮೇಲೆ ಖಾಲಿ ಕೈ. ಎಪ್ಪತ್ತಾರು ವರ್ಷ.

“ನಂಗ ಬರಂಗಿಲ್ಲ,” ಎಂದರು ಆಚಾರ್ಯರು. “ನಾ ಬರೇ ಓದಿ ಹೇಳ್ತಿದ್ದೆ.”

“ಓದೇ ಹೇಳ್ರಿ ಸರ. ನಾ ಮಾಡ್ತೇನಿ.” ಚನ್ನೇಶ ಅಂಗಿಯ ತೋಳು ಮಡಚಿದ.

ಆಚಾರ್ಯರ ಹೆಂಡತಿ ಇಂದಿರಾಬಾಯಿ ಒಳಗಿನಿಂದ ಪುಸ್ತಕ ತಂದು ಗಂಡನ ಕೈಗಿಟ್ಟರು. ಆಚಾರ್ಯರು ಅದನ್ನು ತೆರೆಯಲಿಲ್ಲ. ಕಣ್ಣು ಮುಚ್ಚಿ ಹೇಳಿದರು. “ಡೀಸೆಲ್ ಸೋಸೋ ಡಬ್ಬಿ ಅದ. ಅದರ ತಲಿ ಮ್ಯಾಲೆ ಹಿಂದಿನ ಮಗ್ಗಲದಾಗ ಒಂದು ಸಣ್ಣ ತಿರುಪು. ಅದನ್ನ ಎರಡು ಸುತ್ತು ಸಡಲ ಮಾಡಬೇಕು. ಪೂರ್ತಿ ತಗೀಬಾರದು.”

ಚನ್ನೇಶ ಬಾನೆಟ್ಟಿನೊಳಗೆ ಕೈ ಹಾಕಿದ. ಕೈ ಮುಂಗೈವರೆಗೆ ಹೋಗಿ ಸಿಕ್ಕಿಕೊಂಡಿತು. ಎಳೆದಾಗ ಚರ್ಮ ತರಚಿತು. ಮಂಜಪ್ಪ ಹಾಕಿದ. ಅವನದು ಬೆರಳುಗಳ ಬುಡಕ್ಕೇ ನಿಂತಿತು. ವಿಮಾನ ಹೊರಲು ಬಂದಿದ್ದ ನಾಲ್ವರೂ ಒಬ್ಬರಾದ ಮೇಲೊಬ್ಬರು ಕೈ ಹಾಕಿ ನೋಡಿದರು. ಎಲ್ಲರವೂ ಹೊಲದಲ್ಲಿ ದುಡಿದು ದಪ್ಪಗಾದ ಕೈಗಳು.

“ಅವ್ವನ ಕೈ ಸಣ್ಣದಿತ್ತು,” ಎಂದಳು ತನುಜಾ. “ನಾ ಹಾಕ್ತೇನಿ.”

“ತಿರುಪು ಬಿಗಿ ಮಾಡಿದ ಕೂಡ್ಲೇ, ಮತ್ತ ಗಾಳಿ ಹೊಗೂದ್ರೊಳಗ ಚಾವಿ ತಿರುವಬೇಕು. ನೀ ಮ್ಯಾಲ ಕುಂದ್ರಬೇಕಲ್ಲ,” ಅಂದ ಚನ್ನೇಶ. “ಇದಕ್ಕ ಚಾವಿ ತಿರುವೋ ಹಿಕಮತ್ತು ನನಗ ಗೊತ್ತಿಲ್ಲ. ಮುಂಜಾನಿಂದ ಸುಮ್ಮನ ಬ್ಯಾಟ್ರಿ ತಿಂದೇನಿ. ಅಕ್ಕ ಅದನ್ನ ನಿನಗಷ್ಟ ಕಲಿಸ್ಯಾಳ.”

ಅದು ನಿಜ. ಒಬ್ಬೊಬ್ಬರಾಗಿ ಎಲ್ಲರೂ ಆಚಾರ್ಯರ ಕೈಗಳನ್ನು ನೋಡತೊಡಗಿದರು. ಸೀಮೆಸುಣ್ಣದ ಕಡ್ಡಿಯ ಹೊರತು ಬೇರೇನೂ ಹಿಡಿಯದ, ನೀಳ ಬೆರಳಿನ ತೆಳ್ಳಗಿನ ಕೈಗಳು. ಆಚಾರ್ಯರು ಅವನ್ನು ಶಲ್ಯದೊಳಗೆ ಸೇರಿಸಿಕೊಂಡರು.

*

ಒಂದೂವರೆ ವರ್ಷ ಆ ಪಾಠ ನಡೆದಿತ್ತು. ಸಂಜೆ ನಾಲ್ಕಕ್ಕೆ ಆಚಾರ್ಯರು ಬೇವಿನ ಮರದಿಂದ ಎಂಟು ಹೆಜ್ಜೆ ದೂರ ಕುರ್ಚಿ ಹಾಕಿಸಿಕೊಂಡು, ಛತ್ರಿ ಹಿಡಿದು ಕೂರುತ್ತಿದ್ದರು. ವೀರವ್ವ ಸೀರೆಯನ್ನು ಕಚ್ಚೆ ಕಟ್ಟಿ ಲಾರಿಯ ಕೆಳಗೆ ಮಲಗುತ್ತಿದ್ದಳು. ಅವರು ಓದುವರು, ಅವಳು ಬಿಚ್ಚುವಳು. ಬಿಚ್ಚಿದ ಒಂದೊಂದು ನಟ್ಟನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿ, ಆಚೆ ಅರಿಷಿಣ, ಈಚೆ ಜೀರಿಗೆ ಅಂತ ಮಸಾಲೆ ಡಬ್ಬಿಯ ಹೆಸರಿನಲ್ಲೇ ನೆನಪಿಡುತ್ತಿದ್ದಳು. ತಿಳಿಯದಿದ್ದಾಗ ಭಾಗವನ್ನು ಚೀಲಕ್ಕೆ ಹಾಕಿ ಮಜೀದನ ಗ್ಯಾರೇಜಿಗೆ ಒಯ್ಯುತ್ತಿದ್ದಳು. ಮೊದಮೊದಲು ಮಜೀದ ನಗುತ್ತಿದ್ದ. ಒಂದು ದಿನ ಅವಳು ಉಜ್ಜಿ ತಂದ ಪಂಪಿನ ಒಳಗು ನೋಡಿ, ನಗುವುದನ್ನು ಬಿಟ್ಟು ಅವಳಿಗೆ ಸ್ಟೂಲು ಹಾಕಿದ. ಅವತ್ತಿನಿಂದ ಅವಳು ಅವನಿಗೆ ಅವ್ವಾರಲ್ಲ, ಅಕ್ಕಾರು.

ಒಮ್ಮೆ ಅವಳ ಎರಡೂ ಕೈ ತುಂಬಿದ್ದಾಗ, ನಟ್ಟು ಬಿಚ್ಚುವ ಪಾನಾ ಹಿಡಿದುಕೊಳ್ಳಿ ಎಂದು ಆಚಾರ್ಯರ ಕಡೆ ಚಾಚಿದಳು.

“ನಂಗ ಮಡಿ ಅದವಾ,” ಎಂದರು ಆಚಾರ್ಯರು.

“ಸಂಜಿ ನಾಕಕ್ಕ ಎಂಥಾ ಮಡಿ ರೀ?”

ಆಚಾರ್ಯರು ಪುಸ್ತಕದ ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. “ನೌಕರಿ ಸೇರಿದ ಹೊಸದಾಗ ಪ್ರಯೋಗಶಾಲಾದಾಗ ಹುಡುಗರ ಮುಂದ ಒಂದು ಗಾಜಿನ ಉಪಕರಣ ಕೈ ಜಾರಿ ಬಿತ್ತು. ಎಲ್ಲಾರೂ ನಕ್ಕರು. ಅವತ್ತಿನಿಂದ ನಾ ಏನೂ ಮುಟ್ಟಲಿಲ್ಲ ವೀರವ್ವಾ. ಅಟೆಂಡರ್ ಮಾಡ್ತಿದ್ದ, ನಾ ಹೇಳ್ತಿದ್ದೆ. ಮೂವತ್ತನಾಲ್ಕು ವರ್ಷ. ಇದನ್ನ ಇಂದಿರಾಗೂ ಹೇಳಿಲ್ಲ.”

ವೀರವ್ವ ಪಾನಾವನ್ನು ಬಾಯಲ್ಲಿ ಕಚ್ಚಿ ಹಿಡಿದು ಕೆಲಸ ಮುಂದುವರಿಸಿದಳು. ಆ ಮಾತನ್ನು ಯಾರಿಗೂ ಹೇಳಲಿಲ್ಲ, ಮತ್ತೆಂದೂ ಅವರ ಕಡೆ ಪಾನಾ ಚಾಚಲೂ ಇಲ್ಲ.

ಲಾರಿ ಮೊದಲ ಸಲ ಎದ್ದದ್ದು ಒಂದು ಬೇಸಿಗೆಯ ಬೆಳಗ್ಗೆ. ಗೇರಿನಲ್ಲಿದ್ದುದು ವೀರವ್ವನಿಗೆ ಗೊತ್ತಾಗಲಿಲ್ಲ. ಚಾವಿ ತಿರುವಿದ್ದೇ ತಡ, ಸಿಡಿಲು ಬಡಿದಂತೆ ಸದ್ದಾಗಿ, ಹಿತ್ತಿಲು ಕಾಣದಷ್ಟು ಕರಿ ಹೊಗೆ ಎದ್ದು, ಲಾರಿ ಒಮ್ಮೆಲೇ ಮುಂದೆ ಜಿಗಿದು ಎರಡು ಮನೆಗಳ ನಡುವಿನ ಗೋಡೆಯನ್ನು ಕೆಡವಿ ನಿಂತಿತು. ಗೋಡೆಯ ಆಚೆ ಇಂದಿರಾಬಾಯಿಯವರು ಹೊರಸಿನ ಮೇಲೆ ಶಾವಿಗೆ ಒಣಹಾಕಿದ್ದರು. ಹೊಗೆ ಕರಗಿದಾಗ ಹಾಲಿನಂಥ ಶಾವಿಗೆ ಕಾಡಿಗೆಯ ಹಾಗಾಗಿತ್ತು. ಇಂದಿರಾಬಾಯಿ ಶಾವಿಗೆ ನೋಡಿದರು, ಬಿದ್ದ ಗೋಡೆ ನೋಡಿದರು, ಕ್ಯಾಬಿನ್ನಿನಲ್ಲಿ ಎರಡೂ ಕೈಯಿಂದ ಸ್ಟೇರಿಂಗ್ ತಬ್ಬಿಕೊಂಡು ಅಳುತ್ತ ನಗುತ್ತ ಕೂತಿದ್ದ ವೀರವ್ವನನ್ನು ನೋಡಿದರು.

“ಇನ್ನ ಬಂದ್ ಮಾಡವಾ ತಾಯಿ,” ಎಂದರು. “ಪಾಯಸ ಅಂತೂ ಆಗಂಗಿಲ್ಲ. ಚಹಾನಾದ್ರೂ ಕುಡಿಯೂಣು.”

ಆ ಗೋಡೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ.

ಅರವತ್ತು ತುಂಬಿದ ವರ್ಷ ವೀರವ್ವನಿಗೆ ಭಾರಿ ವಾಹನದ ಲೈಸೆನ್ಸ್ ಬಂತು. ರಟ್ಟೀಹಳ್ಳಿ, ಹಾನಗಲ್ಲು, ಶಿಗ್ಗಾವಿ ಎಂದು ಊರೂರಿಗೆ ಗೋವಿನಜೋಳ, ಹತ್ತಿ, ಇಟ್ಟಿಗೆ, ಮದುವೆಯ ಪಾತ್ರೆ, ಏನು ಹೇಳಿದರೂ ಹೇರಿಕೊಂಡು ಹೋದಳು. ಎಂಟು ವರ್ಷ ನಡೆಸಿದಳು. ಅದರಲ್ಲಿ ಅವಳಿಗೆ ಬಂದ ಕಷ್ಟ ಒಂದೇ. ಎರಡು ವರ್ಷದ ಹಿಂದೆ ಹಾನಗಲ್ಲಿನ ರಸ್ತೆಯಲ್ಲಿ ಒಂದು ಸರಕಾರಿ ಬಸ್ಸನ್ನು ಹಿಂದೆ ಹಾಕಿದಳು. ಬಸ್ಸಿನ ಜನ ಕಿಟಕಿಯಿಂದ ಕೈ ಬೀಸಿ ಚಪ್ಪಾಳೆ ತಟ್ಟಿದರು. ಬಸ್ಸು ಹೊಡೆಯುತ್ತಿದ್ದವನು ಚನ್ನೇಶ. ಡಿಪೋದಲ್ಲಿ ಒಂದು ತಿಂಗಳು “ನಿಮ್ಮಕ್ಕ ಹೆಂಗದಾಳಪಾ, ಮುಂದ ಹೋದ್ಲೇನು?” ಎಂದೇ ಎಲ್ಲರೂ ಅವನನ್ನು ಮಾತಾಡಿಸಿದರು. ಅವನು ಅಕ್ಕನೊಂದಿಗೆ ಮಾತು ಬಿಟ್ಟ. ಅವಳು ಪ್ರತಿ ಹಬ್ಬಕ್ಕೂ ಕಂಡಕ್ಟರನ ಕೈಯಲ್ಲಿ ಹೋಳಿಗೆ ಕಳಿಸಿದಳು. ಅವನು ತಿಂದ, ಫೋನು ಮಾಡಲಿಲ್ಲ.

*

ಆಚಾರ್ಯರು ಎದ್ದು ನಿಂತಾಗ ಮೊಣಕಾಲು ಲಟಲಟ ಎಂದವು. ಅವರು ನೇರ ಕಟ್ಟೆಯ ಬಳಿ ಹೋಗಿ ವೀರವ್ವನ ಮುಂದೆ ನಿಂತರು. ಶಲ್ಯ ತೆಗೆದು ಹೆಂಡತಿಯ ಕೈಗೆ ಕೊಟ್ಟರು.

“ಪಾನಾ ಕೊಡ್ರಿ,” ಎಂದರು.

ಮಂಜಪ್ಪ ಕೊಟ್ಟ. ಆಚಾರ್ಯರ ಕೈಯಲ್ಲಿದ್ದ ಪಾನಾ ಬಾನೆಟ್ಟಿನ ಅಂಚಿಗೆ ತಾಗಿ ಗಂಟೆಯ ಹಾಗೆ ಟಣಟಣ ಅಂದಿತು, ಮರುಕ್ಷಣ ಜಾರಿ ಎಂಜಿನ್ನಿನ ಸಂದಿಯೊಳಗೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿತ್ತು.

ಆಚಾರ್ಯರ ಮುಖ ಬಿಳಿಚಿತು. ಯಾರೂ ನಗಲಿಲ್ಲ. ಚನ್ನೇಶ ಲಾರಿಯ ಕೆಳಗೆ ನುಸುಳಿ, ಪಾನಾ ಹೆಕ್ಕಿ, ಧೂಳು ಒರೆಸಿ ಮತ್ತೆ ಕೈಗಿಟ್ಟ. “ಅಕ್ಕನೂ ದಿನಕ್ಕ ಹತ್ತು ಸಲ ಕೆಡವತಿದ್ಲಂತ್ರಿ ಸರ. ನೀವ ನೋಡೀರಿ.”

“ಹತ್ತಲ್ಲ. ಇಪ್ಪತ್ತು,” ಎಂದರು ಆಚಾರ್ಯರು.

ಕೈ ಒಳಗೆ ಹೋಯಿತು. ಬೆರಳುಗಳು ಬಿಸಿಲಿಗೆ ಕಾದ ಕಬ್ಬಿಣವನ್ನು, ಜಿಡ್ಡನ್ನು, ಪೈಪಿನ ಬಾಗುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದವು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ, ಪುಟದ ಮೇಲೆ ನೋಡಿದ, ಬಾಯಲ್ಲಿ ಹೇಳಿದ ವಸ್ತುಗಳು ಇವು. ಚಿತ್ರದಲ್ಲಿ ಇಷ್ಟು ಒರಟಾಗಿರಲಿಲ್ಲ. ತಿರುಪು ಸಿಕ್ಕಿತು. ಪಾನಾ ಅದಕ್ಕೆ ಕೂತಿತು. ಆಚಾರ್ಯರು ಉಸಿರು ಹಿಡಿದು ತಿರುವಿದರು. ಒಂದು ಸುತ್ತು. ಎರಡು ಸುತ್ತು.

“ಚನ್ನೇಶಪ್ಪಾ, ಆ ಮಗ್ಗಲದ ಗುಂಡಿ ಅದ ನೋಡು. ಅದನ್ನ ಮ್ಯಾಲೆ ಕೆಳಗ ಒತ್ತು. ಅದು ಕೈಪಂಪು. ನಿಲ್ಲಸಬ್ಯಾಡ.”

ಚನ್ನೇಶ ಒತ್ತತೊಡಗಿದ. ಮೊದಲು ಬರೀ ಗಾಳಿ ಬುಸ್ಸೆಂದಿತು. ಆಮೇಲೆ ಡೀಸೆಲ್ ನೊರೆನೊರೆಯಾಗಿ ಉಕ್ಕಿ ಆಚಾರ್ಯರ ಮೊಣಕೈವರೆಗೆ ಹರಿಯಿತು.

“ಬಂತು, ಬಂತು! ಬಿಗಿ ಮಾಡ್ರಿ!” ಎಂದು ಮಂಜಪ್ಪ ಕೂಗಿದ.

“ಇನ್ನೂ ಗುಳ್ಳಿ ಅದಾವ. ಗುಳ್ಳಿ ನಿಂತು ಬರೇ ಎಣ್ಣಿ ಬರಬೇಕು.” ಆಚಾರ್ಯರ ದನಿ ಈಗ ತರಗತಿಯ ದನಿಯಾಗಿತ್ತು. “ಒತ್ತು. ಒತ್ತು. ಹಾಲು ಕಾಯಸೂ ಮುಂದ ನೊರಿ ಕೆಳಗ ಹ್ಯಾಂಗ ಕೂಡ್ತದ, ಹಂಗ ಆಗಲಿ ಅಂತಿದ್ಲು ನಿಮ್ಮಕ್ಕ. ಹಾಂ. ಹಾಂ. ಈಗ ನೋಡು.”

ನೊರೆ ನಿಂತು ಎಣ್ಣೆ ತಿಳಿಯಾಗಿ ಇಳಿಯಿತು. ಆಚಾರ್ಯರು ತಿರುಪು ಬಿಗಿ ಮಾಡಿ ಕೈ ಹೊರಗೆಳೆದುಕೊಂಡರು.

“ತನುಜಾ, ಉಸಿರು ತಗೋ ಅನ್ನು ಅದಕ್ಕ.”

ತನುಜಾ ಕ್ಲಚ್ಚು ಪೂರ್ತಿ ಒತ್ತಿ, ಆಕ್ಸಲರೇಟರನ್ನು ಅರ್ಧಕ್ಕೆ ಹಿಡಿದು, ತಾಯಿ ಕಲಿಸಿದಂತೆ ಮೂರು ಎಣಿಸಿ ಚಾವಿ ತಿರುವಿದಳು. ಗರಗರ. ಕೆಮ್ಮು. ಮತ್ತೆ ಕೆಮ್ಮು. ಬ್ಯಾಟರಿಯ ದನಿ ಇಳಿಯುತ್ತ ಬಂತು. ಹೊರುವವರಲ್ಲೊಬ್ಬ ಶಿವಶಿವಾ ಎಂದ. ಇನ್ನೇನು ಮುಗಿಯಿತು ಎನ್ನುವಾಗ ಲಾರಿ ಒಂದು ಸಲ ಜಾಡಿಸಿತು, ಎರಡು ಸಲ ಜಾಡಿಸಿತು, ಆಮೇಲೆ ಓಣಿಯ ಗೋಡೆಗಳೆಲ್ಲ ನಡುಗುವಂತೆ ಗುಡುಗಿ ಎದ್ದು ನಿಂತಿತು. ಗೋಡೆಯ ಸುಣ್ಣ ಉದುರಿತು. ಯಾರೋ ಅರಿಯದೆ ಚಪ್ಪಾಳೆ ತಟ್ಟಿ, ಸಾವಿನ ಮನೆ ಎಂದು ನೆನಪಾಗಿ ಕೈ ಕೆಳಗಿಳಿಸಿದರು. ಇಂದಿರಾಬಾಯಿ ಮಾತ್ರ ನಿಲ್ಲಿಸದೆ ತಟ್ಟುತ್ತಲೇ ಇದ್ದರು.

“ಬಂದ್ ಮಾಡಬ್ಯಾಡ್ರಿ!” ಎಂದು ಹತ್ತು ಜನ ಒಟ್ಟಿಗೆ ಕೂಗಿದರು.

ತನುಜಾ ಇಳಿದಳು, ಚನ್ನೇಶ ಹತ್ತಿದ. ಸೀಟಿನ ಮೇಲೆ ಒಂದು ದಿಂಬಿತ್ತು. ಅಕ್ಕ ಗಿಡ್ಡಗಿದ್ದುದರಿಂದ ಅದರ ಮೇಲೆ ಕೂತು ಹೊಡೆಯುತ್ತಿದ್ದಳು. ಬೆಳಗ್ಗೆ ಅವನು ಅದನ್ನು ಪಕ್ಕಕ್ಕೆ ಎಸೆದಿದ್ದ. ಈಗ ಎತ್ತಿ, ಸೀಟಿನ ಮೇಲಿಟ್ಟು, ಅದರ ಮೇಲೆಯೇ ಕೂತ. ತಲೆ ಮೇಲಿನ ತಗಡಿಗೆ ತಾಗಿತು. ಕತ್ತು ಬಗ್ಗಿಸಿಕೊಂಡು ರಿವರ್ಸ್ ಹಾಕಿದ.

ಲಾರಿ ಹಿಂದೆ ಹಿಂದೆ ಏರತೊಡಗಿದಂತೆ ವಿಮಾನ ಎದ್ದಿತು. ಭಜನೆಯ ತಾಳ ಶುರುವಾಯಿತು. ಕನ್ನಡಿಯಲ್ಲಿ ಹಿಂದಿನ ದಾರಿ ನೋಡುತ್ತಿದ್ದ ಚನ್ನೇಶ ಒಮ್ಮೆ ಮುಂದೆ ನೋಡಿದ. ಗಾಜಿನ ಆಚೆ, ಮೂರು ಮಾರು ದೂರದಲ್ಲಿ, ಹೂವಿನ ನಡುವೆ ಕೂತ ಅಕ್ಕ ಎದುರೆದುರೇ ಬರುತ್ತಿದ್ದಳು. ಅವನು ಹಿಂದೆ ಸರಿದಷ್ಟೂ ಅವಳು ಮುಂದೆ ಬಂದಳು. ಎರಡು ವರ್ಷದಲ್ಲಿ ಒಮ್ಮೆಯೂ, ಇವತ್ತು ಬೆಳಗ್ಗೆಯಿಂದಲೂ, ಅವನು ಆ ಮುಖವನ್ನು ನೇರ ನೋಡಿರಲಿಲ್ಲ. ಓಣಿ ಮುಗಿಯುವವರೆಗೆ ಬೇರೆಲ್ಲೂ ನೋಡಲು ಜಾಗವಿರಲಿಲ್ಲ. “ಬಾರಕ್ಕ,” ಎಂದ, ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳದಂತೆ. “ಬಾ, ಬಾ. ನಾ ಸರೀತೇನಿ.”

ಡಾಂಬರು ರಸ್ತೆಗೆ ಬಂದು ಲಾರಿಯನ್ನು ಬದಿಗೆ ಹಾಕಿ ನಿಲ್ಲಿಸಿದ. ವಿಮಾನ ಅವನ ಕಿಟಕಿಯ ಪಕ್ಕದಲ್ಲೇ ಹಾದು ಮುಂದೆ ಹೋಯಿತು.

“ಏ ಚನ್ನೇಶಾ,”  ಮಂಜಪ್ಪ ತಡೆಯಲಾರದೆ ಅಂದ, “ಮತ್ತ ಓವರ್‌ಟೇಕ್ ಮಾಡಿದ್ಲಲ್ಲೋ!”

ಹೊತ್ತವರು ನಕ್ಕ ನಗೆಗೆ ವಿಮಾನ ಅಲುಗಾಡಿತು. ಚನ್ನೇಶನೂ ನಕ್ಕ. ನಗುತ್ತ ನಗುತ್ತಲೇ ಹಣೆಯನ್ನು ಸ್ಟೇರಿಂಗಿಗೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಹಣೆಯ ಒತ್ತಿಗೆ ಹಾರ್ನು ಉದ್ದಕ್ಕೆ ಕೂಗಿತು.

*

ಹೊತ್ತು ಇಳಿಯುವ ಮೊದಲೇ ವೀರವ್ವನ ಹೊಲದಲ್ಲಿ, ಮಹಾಲಿಂಗಪ್ಪನ ಪಕ್ಕದ ಕುಣಿಯಲ್ಲಿ ಎಲ್ಲ ಮುಗಿಯಿತು. ಮಠದ ಅಯ್ಯನವರು ಮಂತ್ರ ಹೇಳಿದರು, ಬಿಲ್ವಪತ್ರೆ, ವಿಭೂತಿ, ಉಪ್ಪು ಬಿದ್ದವು, ಹಿಡಿಹಿಡಿ ಮಣ್ಣು ಬಿತ್ತು. ಆಚಾರ್ಯರು ಹಾಕಿದ ಮಣ್ಣು ಡೀಸೆಲ್ಲಿನ ಕೈಗೆ ಅರ್ಧ ಅಂಟಿಕೊಂಡಿತ್ತು. ಚನ್ನೇಶ ವಿಮಾನದ ಹಿಂದೆಯೇ ಹೊಡೆದು ತಂದಿದ್ದ ಲಾರಿ ಆಗೆಲ್ಲ ಬದುವಿನ ಆಚೆ ಗುಡುಗುಟ್ಟುತ್ತಲೇ ನಿಂತಿತ್ತು. ಎಂಜಿನ್ ಬಂದ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಭಜನೆಯವರು ಅದಕ್ಕಿಂತ ಏರು ದನಿಯಲ್ಲಿ ಹಾಡಿ ಹಾಡಿ ಗಂಟಲು ಕೆಡಿಸಿಕೊಂಡರು.

ಮಜೀದ ಬಂದದ್ದು ಕುಣಿ ಮುಚ್ಚುತ್ತಿದ್ದಾಗ. ಹೊಸ ಬಿಳಿ ಕುರ್ತಾ, ಕಣ್ಣಿಗೆ ಸುರ್ಮಾ, ಕೈಯಲ್ಲೊಂದು ದೊಡ್ಡ ಸ್ಟೀಲಿನ ಡಬ್ಬಿ. ಹಿಡಿ ಮಣ್ಣು ಹಾಕಿ, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ. ಆಮೇಲೆ ಲಾರಿಯ ಬಳಿ ಹೋಗಿ ಕಿವಿಗೊಟ್ಟು ಕೇಳಿದ.

“ಯಾರು ಏರ್ ತಗದೋರು?”

ಎಲ್ಲರೂ ಆಚಾರ್ಯರನ್ನು ತೋರಿಸಿದರು. ಮಜೀದ ಅವರ ಕರಿ ಕೈಗಳನ್ನು ನೋಡಿದ, ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಹಬ್ಬದ ಕುರ್ತಾದ ತೋಳು ಕರಿಯಾಯಿತು.

“ಚಲೋ ತಗದೀರಿ ಸರ,” ಎಂದ. “ನಾಳಿಂದ ಗ್ಯಾರೇಜಿಗೆ ಬರ್ರಿ.”

“ಸ್ಟೂಲ್ ಹಾಕ್ತೀಯೇನಪಾ?” ಎಂದರು ಆಚಾರ್ಯರು.

ಬೋರಿನ ನೀರಿಗೆ ಎಲ್ಲರೂ ಮಿಂದು, ತಂದಿದ್ದ ಒಣ ಬಟ್ಟೆ ಉಟ್ಟರು. ಮುದುಕರಿಗೆ ನಡೆಯುವ ಶಕ್ತಿ ಉಳಿದಿರಲಿಲ್ಲ. ಅವರನ್ನು ಎತ್ತಿ ಎತ್ತಿ ಲಾರಿಯ ಜೋಳದ ಚೀಲಗಳ ಮೇಲೆ ಹತ್ತಿಸಿ, ಉಳಿದವರೂ ಹತ್ತಿದರು. ಹಿಂಡಿದ ಸೀರೆ, ಧೋತರ, ಟವೆಲ್ಲುಗಳನ್ನು ಎಲ್ಲಿಡುವುದೆಂದು ತಿಳಿಯದೆ, ಚೀಲ ಬಿಗಿದ ಹಗ್ಗಕ್ಕೇ ಸಾಲಾಗಿ ಕಟ್ಟಿದರು. ಚನ್ನೇಶ ಗೇರು ಹಾಕಿದ. ಲಾರಿ ಹೊಲದ ದಾರಿಯಿಂದ ಡಾಂಬರಿಗೆ ಏರಿ ಓಡತೊಡಗಿದ ಕೂಡಲೇ ಕೆಂಪು, ಹಸಿರು, ಹಳದಿ ಸೀರೆಗಳು ಎರಡೂ ಬದಿಗೆ ಫಡಫಡ ಹಾರಾಡಿದವು. ಬೆಳಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಮಜೀದನ ಡಬ್ಬಿ ತೆರೆದುಕೊಂಡಿತು, ಒಳಗೆ ಹಬ್ಬದ ಶಾವಿಗೆ ಪಾಯಸ. ಶೀರ್‌ಕುರ್ಮಾ ಒಂದೇ ಲೋಟದಲ್ಲಿ ಚೀಲದಿಂದ ಚೀಲಕ್ಕೆ, ಕೈಯಿಂದ ಕೈಗೆ ದಾಟಿತು. ಭಜನೆಯ ತಾಳದವನು ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ತಾಳ ಎತ್ತಿದ.

ತಿರುವಿನಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಎದ್ದು ನಿಂತಳು. ಹಾರುವ ಸೀರೆಗಳನ್ನು, ಚೀಲದ ಮೇಲೆ ತುಂಬಿ ಕೂತ ಜನರನ್ನು ನೋಡಿ, ಬೊಚ್ಚು ಬಾಯಿ ತುಂಬ ನಕ್ಕಳು.

“ಯಾರ ಮದಿವಿ ದಿಬ್ಬಣ ರೀ?” ಎಂದು ಕೂಗಿದಳು.

ಎಂಜಿನ್ನಿನ ಸದ್ದಿಗೆ ಮೇಲಿದ್ದವರಿಗೆ ಅದು ಕೇಳಲಿಲ್ಲ. ಎಲ್ಲಕ್ಕಿಂತ ಮೇಲಿನ ಚೀಲದ ಮೇಲೆ ಕೂತಿದ್ದ ತನುಜಾ, ಲೋಟ ಹಿಡಿದ ಕೈಯನ್ನೇ ಎತ್ತಿ ಅವಳಿಗೆ ಬೀಸಿದಳು.